ಬಡ್ಡಿಯ ಲೆಕ್ಕ ಬರೆದ ಸರ್ ಜೊಸಾಯಾ ಚೈಲ್ಡ್

ಬಡ್ಡಿ ಎಂದರೇನು ಎಂದು ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಂಟು ಇದ್ದಲ್ಲೇ ಇದ್ದು ಬಡ್ಡಿ ಮಾತ್ರ ಬೆಳೆಯುತ್ತಾ ಹೋಗುವ ಸಂಕಟ ಗಡಿಯ ಈಚೆಗೂ ಒಂದೇ, ಆಚೆಗೂ ಒಂದೇ. ಕನ್ನಡದಲ್ಲಿ ಬಡ್ಡಿ ಅನ್ನಿ, ಮರಾಠಿಯಲ್ಲಿ ವ್ಯಾಜ ಅನ್ನಿ, ತೆಲುಗಿನಲ್ಲಿ ವಡ್ಡಿ ಅನ್ನಿ, ಕಾಗದದ ಮೇಲೆ ಬೀಳುವ ಅಂಕಿ ಅದೇ. ಈ ಬಡ್ಡಿಯನ್ನು ಕಾನೂನು ಮಾಡಿ ಇಳಿಸಬೇಕು, ಇಳಿಸಿದರೆ ಇಡೀ ದೇಶ ಉದ್ಧಾರವಾಗುತ್ತದೆ ಎಂದು ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ವ್ಯಾಪಾರಿ ಪುಸ್ತಕ ಬರೆದ. ಅವನ ಹೆಸರು ಜೊಸಾಯಾ ಚೈಲ್ಡ್. ಅದೇ ಮನುಷ್ಯ ಮುಂದೆ ಲಂಡನ್ನಿನಲ್ಲಿ ಕೂತುಕೊಂಡೇ, ನಮ್ಮ ದೇಶದ ಮಣ್ಣು ಒಮ್ಮೆಯೂ ತುಳಿಯದೆ, ಔರಂಗಜೇಬನಂಥ ಬಾದಶಹನ ಮೇಲೆ ಯುದ್ಧ ಹೂಡಿದ. ಇಂಗ್ಲಿಷಿನಲ್ಲಿ ಚೈಲ್ಡ್ ಎಂದರೆ ಕೂಸು. ಈ ಕೂಸಿನ ಕಥೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಹುಟ್ಟಿದ್ದು 1630ರ ಸುಮಾರಿಗೆ, ಲಂಡನ್ನಿನಲ್ಲಿ. ತಂದೆ ರಿಚರ್ಡ್ ಚೈಲ್ಡ್ ವ್ಯಾಪಾರಿ. ಜಮೀನ್ದಾರ ಮನೆತನವಲ್ಲ, ಸರದಾರ ಮನೆತನವಲ್ಲ. ಹುಡುಗ ಬೆಳೆದು ದೊಡ್ಡವನಾಗುವ ಹೊತ್ತಿಗೆ ಆ ದೇಶದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾಗಿ, 1649ರಲ್ಲಿ ರಾಜ ಒಂದನೆಯ ಚಾರ್ಲ್ಸ್‌ನ ತಲೆಯನ್ನೇ ತೆಗೆದುಹಾಕಿದ್ದರು. ರಾಜನಿಲ್ಲದ ಆ ಹತ್ತು ಹನ್ನೊಂದು ವರ್ಷ ಕ್ರಾಮ್‌ವೆಲ್ ಮೊದಲಾದವರ ಆಡಳಿತ. ಅವರಿಗೆ ದೊಡ್ಡ ನೌಕಾಪಡೆ ಇತ್ತು. ನೌಕಾಪಡೆ ಎಂದ ಮೇಲೆ ನಾವಿಕರಿಗೆ ರೊಟ್ಟಿ ಬೇಕು, ಉಪ್ಪು ಹಾಕಿದ ಮಾಂಸ ಬೇಕು, ಬೀರು ಬೇಕು. ತಿಂಗಳುಗಟ್ಟಲೆ ಸಮುದ್ರದಲ್ಲಿ ನೀರು ಕೆಟ್ಟುಹೋಗುತ್ತದೆಂದು ಅವರು ಬೀರನ್ನೇ ನೀರಿನಂತೆ ಕುಡಿಯುತ್ತಿದ್ದರು. ಪೋರ್ಟ್ಸ್‌ಮತ್ ಎಂಬ ಬಂದರಿನಲ್ಲಿ ಈ ಸರಬರಾಜಿನ ಕೆಲಸಕ್ಕೆ ಚೈಲ್ಡ್ ನಿಂತ. 1658ರಲ್ಲಿ ಆ ಊರಿನ ಮೇಯರ್ ಆದ. 1659ರಲ್ಲಿ ಪೀಟರ್ಸ್‌ಫೀಲ್ಡ್ ಎಂಬ ಕ್ಷೇತ್ರದಿಂದ ಪಾರ್ಲಿಮೆಂಟಿಗೂ ಹೋದ. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ.

1660ರಲ್ಲಿ ರಾಜ ಎರಡನೆಯ ಚಾರ್ಲ್ಸ್ ಮರಳಿ ಬಂದ. ರಾಜವಿರೋಧಿಗಳ ಹತ್ತಿರ ಗುತ್ತಿಗೆ ಮಾಡಿದವನ ಗತಿ ಏನಾಗಬೇಕು? ಗುತ್ತಿಗೆದಾರನ ಗತಿ ಏನೂ ಆಗುವುದಿಲ್ಲ, ಇದು ನಮ್ಮ ಕಡೆಯೂ ನೋಡಿದ್ದೇವೆ. ಹಡಗು ರಾಜನದಾದರೂ ನಾವಿಕನಿಗೆ ಬಾಯಾರಿಕೆ ತಪ್ಪುವುದಿಲ್ಲವಲ್ಲ. ಲಂಡನ್ನಿನ ಹೊಳೆಯಾಚೆ ಸದರ್ಕ್‌ನಲ್ಲಿ ಚೈಲ್ಡ್ ಬೀರಿನ ಭಟ್ಟಿ ಇಟ್ಟ, ರಾಜನ ನೌಕಾಪಡೆಗೂ ಅದನ್ನೇ ಮಾರಿದ.

ಇನ್ನು ಅವನ ಪುಸ್ತಕದ ಮಾತು. 1668ರಲ್ಲಿ ಅವನು ವ್ಯಾಪಾರ ಮತ್ತು ಹಣದ ಬಡ್ಡಿಯ ಬಗ್ಗೆ ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದ. ಆಗ ಇಂಗ್ಲೆಂಡಿನವರಿಗೆ ಒಂದು ಹೊಟ್ಟೆಕಿಚ್ಚಿನ ಪ್ರಶ್ನೆ ಇತ್ತು. ಹಾಲೆಂಡ್ ಎಂಬುದು ಅಂಗೈಯಗಲದ ದೇಶ, ಅರ್ಧ ನೆಲ ಸಮುದ್ರದಿಂದ ಕದ್ದದ್ದು. ಮರವಿಲ್ಲ, ಗಣಿ ಇಲ್ಲ. ಆದರೂ ಡಚ್ಚರ ಹಡಗು ಇಲ್ಲದ ಬಂದರಿಲ್ಲ. ಇದು ಹೇಗೆ? ಚೈಲ್ಡ್ ಇದಕ್ಕೆ ಹದಿನೈದು ಕಾರಣಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದ ನನ್ನಂಥವನಿಗೆ ಆ ಪಟ್ಟಿ ಓದಿದರೆ ಹೊಟ್ಟೆ ತುಂಬುತ್ತದೆ.

ಡಚ್ಚರ ಮೀನಿನ ಪೀಪಾಯಿಯ ಮೇಲೆ ಅವರ ಮುದ್ರೆ ಇದ್ದರೆ ಸಾಕು, ಕೊಳ್ಳುವವನು ಮುಚ್ಚಳ ತೆಗೆದು ನೋಡುವುದಿಲ್ಲ, ಅಷ್ಟು ಭರವಸೆ ಎನ್ನುತ್ತಾನೆ. ಅವರಲ್ಲಿ ವ್ಯಾಪಾರಿಗಳ ತಂಟೆ ತಕರಾರು ಮೂರು ನಾಲ್ಕು ದಿನದಲ್ಲಿ ತೀರ್ಮಾನವಾಗುತ್ತದೆ, ನಮ್ಮಲ್ಲಿ ಆಗುವ ಖರ್ಚಿನ ನಲವತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ ಎನ್ನುತ್ತಾನೆ. ಕೋರ್ಟಿನ ಕಟ್ಟೆ ಹತ್ತಿ ಇಳಿದವರು ಇದನ್ನು ಕೇಳಿ ನಿಟ್ಟುಸಿರು ಬಿಟ್ಟೀರಿ. ಅವರಲ್ಲಿ ಮನೆ, ಜಮೀನು ಯಾರದು, ಅದರ ಮೇಲೆ ಯಾರ ಸಾಲ ಇದೆ ಎಂಬುದಕ್ಕೆ ಸರಕಾರಿ ದಫ್ತರಿದೆ. ನಮ್ಮ ಉತಾರ, ಪಹಣಿ ಇದ್ದ ಹಾಗೆ ಅನ್ನಿ. ಇಂಗ್ಲೆಂಡಿನಲ್ಲಿ ಹಾಗೆ ಇಲ್ಲದ್ದರಿಂದ ಒಂದೇ ಜಮೀನನ್ನು ಇಬ್ಬರಿಗೆ ಒತ್ತೆ ಇಡುವ ಮೋಸ ನಡೆಯುತ್ತದೆ ಎಂದು ಅವನ ದೂರು. ಅವರಲ್ಲಿ ಒಬ್ಬನ ಸಾಲದ ಚೀಟಿಯನ್ನು ಇನ್ನೊಬ್ಬನಿಗೆ ಬರೆದುಕೊಡಬಹುದು, ಅವನು ಮತ್ತೊಬ್ಬನಿಗೆ ಬರೆದುಕೊಡಬಹುದು. ಇದು ನಮ್ಮ ಹುಂಡಿಯಲ್ಲದೆ ಮತ್ತೇನು? ನಮ್ಮ ದೇಶದ ಸಾಹುಕಾರರು ಆ ಕಾಲಕ್ಕೆ ಸೂರತ್ತಿನಿಂದ ಆಗ್ರಾಕ್ಕೆ ಹುಂಡಿ ಬರೆಯುತ್ತಿದ್ದರು. ಆ ವಿಷಯದಲ್ಲಿ ಚೈಲ್ಡ್ ಹಾಲೆಂಡಿನ ತನಕ ಹೋಗಬೇಕಾಗಿರಲಿಲ್ಲ.

ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಡಚ್ಚರು ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳಿಗೂ ದುಂಡಗೆ ಬರೆಯುವುದನ್ನು, ಗಣಿತವನ್ನು, ವ್ಯಾಪಾರದ ಲೆಕ್ಕವನ್ನು ಕಲಿಸುತ್ತಾರೆ. ಹೆಂಡತಿಗೆ ಲೆಕ್ಕ ಗೊತ್ತಿದ್ದರೆ ಗಂಡ ಸತ್ತ ಮೇಲೂ ಅಂಗಡಿ ಮುಚ್ಚುವುದಿಲ್ಲ. ಲೆಕ್ಕ ಗೊತ್ತಿಲ್ಲದಿದ್ದರೆ ಗಂಡನಾದವನು ವಯಸ್ಸಾಗುತ್ತಲೇ ಹೆದರಿ ವ್ಯಾಪಾರದಿಂದ ಹಣ ಹಿಂದೆಗೆದುಬಿಡುತ್ತಾನೆ ಎಂದು ಅವನ ವಾದ. 1668ರಲ್ಲಿ ಒಬ್ಬ ಬೀರು ವ್ಯಾಪಾರಿ ಬರೆದ ಮಾತು ಇದು. ಗಂಡನ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿ ತಂದು, ಇದರಲ್ಲಿ ಎಷ್ಟಿದೆ ನೋಡಿ ಹೇಳ್ರಿ ಎಂದು ಕೌಂಟರಿನ ಮುಂದೆ ನಿಲ್ಲುತ್ತಿದ್ದ ಎಷ್ಟೋ ಹೆಣ್ಣುಮಕ್ಕಳನ್ನು ಕಂಡವನು ನಾನು. ಅವರಲ್ಲಿ ಕೆಲವರಿಗೆ ಆ ದಿನವೇ ಗೊತ್ತಾಗುತ್ತಿತ್ತು, ಇದ್ದದ್ದು ಠೇವಣಿಯಲ್ಲ, ಸಾಲ ಎಂದು.

ಇರಲಿ. ಹದಿನೈದನೆಯ ಕಾರಣವೇ ಅವನಿಗೆ ಮುಖ್ಯ. ಹಾಲೆಂಡಿನಲ್ಲಿ ಶಾಂತಿಯ ಕಾಲದಲ್ಲಿ ಬಡ್ಡಿ ವರ್ಷಕ್ಕೆ ಶೇಕಡಾ 3ಕ್ಕಿಂತ ಮೇಲೆ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಬಡ್ಡಿಗೆ ಕಾನೂನಿನ ಮಿತಿ ಇತ್ತು. 1571ರಲ್ಲಿ ಶೇಕಡಾ 10, 1624ರಲ್ಲಿ 8, 1651ರಲ್ಲಿ 6 ಎಂದು ಇಳಿಯುತ್ತಾ ಬಂದಿತ್ತು. ಪ್ರತಿ ಸಲ ಇಳಿದಾಗಲೂ ದೇಶ ಮೇಲೆ ಬಂದಿದೆ, ಜಮೀನಿನ ಬೆಲೆ ಏರಿದೆ, ಆದ್ದರಿಂದ ಈಗ 4ಕ್ಕೆ ಇಳಿಸಿ ಎಂದು ಚೈಲ್ಡ್ ಹೇಳಿದ. ಹಣ ಇದ್ದವನು ಕೂತಲ್ಲೇ ಬಡ್ಡಿ ತಿನ್ನುವುದು ಬಿಟ್ಟು ದುಡಿಮೆಗೆ ಹಣ ಹಾಕುತ್ತಾನೆ ಎಂಬುದು ಅವನ ತರ್ಕ. ನಮ್ಮ ಹಳ್ಳಿಯ ಲೆಕ್ಕದಲ್ಲಿ ನೋಡಿ. ನೂರಕ್ಕೆ ತಿಂಗಳಿಗೆ ಎರಡು ಎಂದರೆ ಕೇಳಲಿಕ್ಕೆ ಸಣ್ಣದು, ವರ್ಷಕ್ಕೆ 24 ಆಯಿತು. ಮೂರು ಎಂದರೆ 36. ಇಂಗ್ಲೆಂಡಿನವರು 6ರಿಂದ 4ಕ್ಕೆ ಇಳಿಯಲಿಕ್ಕೆ ಜಗಳಾಡುತ್ತಿದ್ದರು.

ಜಗಳ ಸಣ್ಣದಾಗಿರಲಿಲ್ಲ. ವಿರೋಧಿಗಳು ಎರಡು ಮಾತು ಎತ್ತಿದರು. ಒಂದು, ಹಾಲೆಂಡಿನಲ್ಲಿ ಹಣ ಹೇರಳವಾಗಿರುವುದರಿಂದ ಬಡ್ಡಿ ಕಡಿಮೆ, ಬಡ್ಡಿ ಕಡಿಮೆ ಇರುವುದರಿಂದ ಹಣ ಹೇರಳವಾದದ್ದಲ್ಲ ಎಂದು. ಬೀಜ ಮೊದಲೋ ಮರ ಮೊದಲೋ ಎಂಬಂಥ ವಾದ. ಎರಡನೆಯದು ಸ್ವಲ್ಪ ಚುಚ್ಚುವಂಥದ್ದು. ಬಡ್ಡಿ ಇಳಿದರೆ ಲಾಭ ಯಾರಿಗೆ? ದೊಡ್ಡ ಸಾಲ ಎತ್ತಿ ದೊಡ್ಡ ವ್ಯಾಪಾರ ಮಾಡುವ ಚೈಲ್ಡ್‌ನಂಥವರಿಗೇ ಅಲ್ಲವೇ ಎಂದು. ಜಾನ್ ಲಾಕ್ ಎಂಬ ದೊಡ್ಡ ತತ್ತ್ವಜ್ಞಾನಿ ಈ ವಾದಕ್ಕೆ ಇಳಿದ. 1692ರಲ್ಲಿ ಅಚ್ಚಾದ ಅವನ ಪುಸ್ತಕ ಹೇಳುವುದಿಷ್ಟು: ಹಣಕ್ಕೆ ಪೇಟೆಯಲ್ಲಿ ಒಂದು ಬೆಲೆ ಇರುತ್ತದೆ, ಕಾನೂನು ಅದನ್ನು ಒತ್ತಿ ಇಳಿಸಿದರೆ ಕೊಡುವವನು ಕಳ್ಳದಾರಿಯಲ್ಲಿ ಹೆಚ್ಚು ಬಡ್ಡಿ ತೆಗೆದುಕೊಳ್ಳುತ್ತಾನೆ, ಬಡ್ಡಿಯಿಂದಲೇ ಜೀವನ ಮಾಡುವ ವಿಧವೆಯರು, ಅನಾಥ ಮಕ್ಕಳು ಮಾತ್ರ ಕಾನೂನಿನಂತೆ ಕಡಿಮೆ ಪಡೆದು ನಷ್ಟಪಡುತ್ತಾರೆ.

ನನಗೆ ಕೇಳಿದರೆ ಇಬ್ಬರ ಮಾತಿನಲ್ಲೂ ಸತ್ಯವಿದೆ. ನಮ್ಮ ದೇಶದಲ್ಲಿ 1972ರಲ್ಲಿ ತೀರ ಬಡವರಿಗೆಂದು ರಾಷ್ಟ್ರೀಕೃತ ಬ್ಯಾಂಕುಗಳಿಂದ ಸಾಲ ಕೊಡುವ ಒಂದು ಯೋಜನೆ ಬಂತು. ಬಡ್ಡಿ ಎಷ್ಟು ಗೊತ್ತೇ? ಶೇಕಡಾ 4. ಚೈಲ್ಡ್ ಕೇಳಿದ ಅಂಕಿಯೇ! ಎಮ್ಮೆ ಕಟ್ಟಿದವರು, ಹೊಲಿಗೆ ಯಂತ್ರ ಕೊಂಡವರು ಅದರಿಂದ ಬದುಕು ಕಟ್ಟಿಕೊಂಡದ್ದುಂಟು. ಚಾವಡಿಯಲ್ಲಿ ಗುರುತು ಪರಿಚಯ ಇದ್ದವನೇ ಬಡವನ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡದ್ದೂ ಉಂಟು. ಅಗ್ಗದ ಹಣದ ವಾಸನೆ ಬಡವನಿಗಿಂತ ಮೊದಲು ಉಳ್ಳವನ ಮೂಗಿಗೇ ಹತ್ತುತ್ತದೆ. ಚೈಲ್ಡ್ ಬದುಕಿರುವ ತನಕ ಅವನ 4ರ ಕಾನೂನು ಬರಲೇ ಇಲ್ಲ. ಅವನು ಸತ್ತ ಹದಿನೈದು ವರ್ಷಕ್ಕೆ, 1714ರಲ್ಲಿ, 5 ಎಂದು ಆಯಿತು.

ಬಡವರ ಬಗ್ಗೆಯೂ ಅವನು ಬರೆದಿದ್ದಾನೆ. ಆಗ ಇಂಗ್ಲೆಂಡಿನಲ್ಲಿ ಬಡವನನ್ನು ಅವನ ಹುಟ್ಟೂರಿನ ಗಡಿಗೆ ಅಟ್ಟುವ ಕಾನೂನು ಇತ್ತು. ಈ ಊರಿನವರು ಆ ಊರಿಗೆ, ಆ ಊರಿನವರು ಮತ್ತೊಂದು ಊರಿಗೆ ನೂಕುತ್ತಿದ್ದರು. ಇದು ಮೂರ್ಖತನ, ಹಲವು ಊರು ಸೇರಿಸಿ ಒಂದೇ ವ್ಯವಸ್ಥೆ ಮಾಡಿ, ದುಡಿಮೆ ಕೊಡಿ ಎಂದ. ಯೆಹೂದ್ಯರಿಗೆ, ಪರದೇಶದವರಿಗೆ ನಾಡಿನವರ ಹಕ್ಕು ಕೊಡಿ ಎಂದೂ ಹೇಳಿದ. ಗಡಿಯಲ್ಲಿ ಬಾಳುವ ನಮಗೆ ಇದು ಒಳ್ಳೆಯ ಮಾತಾಗಿ ಕೇಳುತ್ತದೆ. ಇಲ್ಲಿಯ ತನಕ ಕೇಳಿದವರು ಇವನೊಬ್ಬ ಸುಧಾರಕ ಅಂದುಕೊಂಡಿರಬೇಕು. ಇನ್ನು ಮುಂದಿನದು ಕೇಳಿ.

1671ರಲ್ಲಿ ಚೈಲ್ಡ್ ಈಸ್ಟ್ ಇಂಡಿಯಾ ಕಂಪನಿಯ ಷೇರು ಕೊಂಡ. 1674ರಲ್ಲಿ ನಿರ್ದೇಶಕನಾದ. ನಡುವೆ 1673ರಲ್ಲಿ ಲಂಡನ್ನಿನ ಹತ್ತಿರ ಎಸೆಕ್ಸ್ ಜಿಲ್ಲೆಯಲ್ಲಿ ವಾನ್‌ಸ್ಟೆಡ್ ಎಂಬ ದೊಡ್ಡ ಬಂಗಲೆ, ಎಸ್ಟೇಟು ಕೊಂಡ, ಅದೇ ವರ್ಷ ಡಾರ್ಟ್‌ಮತ್ ಕ್ಷೇತ್ರದಿಂದ ಮತ್ತೆ ಪಾರ್ಲಿಮೆಂಟಿಗೆ ಬಂದ. ಅದೇ 1673ರಲ್ಲಿ ನಮ್ಮ ಹುಬ್ಬಳ್ಳಿ ಪೇಟೆ ಮರಾಠಾ ಸೈನ್ಯದ ಲೂಟಿಗೆ ಸಿಕ್ಕಿ, ಅಲ್ಲಿದ್ದ ಇಂಗ್ಲಿಷ್ ಕಂಪನಿಯ ಕೋಠಿಯೂ ಕೊಳ್ಳೆ ಹೋಯಿತು. ಕಂಪನಿಯವರು ನಷ್ಟದ ಲೆಕ್ಕ ಹಾಕಿ ವರ್ಷಗಟ್ಟಲೆ ಪರಿಹಾರ ಕೇಳಿದರು. ಕಾರವಾರದಲ್ಲಿಯೂ ಅವರ ಕೋಠಿ ಇತ್ತು, ಮೆಣಸಿಗಾಗಿ. ನಮ್ಮ ನೇಕಾರ ನೇಯ್ದದ್ದು, ನಮ್ಮ ಮಲೆನಾಡಿನ ಬಳ್ಳಿ ಬಿಟ್ಟದ್ದು ಲಂಡನ್ನಿನ ಹರಾಜಿನಲ್ಲಿ ಅಂಕಿಯಾಗಿ ಚೈಲ್ಡ್‌ನ ಕಣ್ಣಿಗೆ ಬೀಳುತ್ತಿತ್ತು ಎಂಬುದಕ್ಕೆ ಇಷ್ಟು ಹೇಳಿದೆ.

1678ರಲ್ಲಿ ಅವನು ಬ್ಯಾರೊನೆಟ್ ಆದ. ಇದು ತಂದೆಯಿಂದ ಮಗನಿಗೆ ಬರುವ ಪದವಿ, ಹೆಸರಿನ ಹಿಂದೆ ಸರ್ ಎಂದು ಬರುತ್ತದೆ. ಆದರೆ ಪ್ರಭುಗಳ ಸಭೆಯಲ್ಲಿ ಜಾಗವಿಲ್ಲ. ಇದು ಹುಟ್ಟಿದ ಬಗೆ ತಮಾಷೆಯಾಗಿದೆ. 1611ರಲ್ಲಿ ಒಂದನೆಯ ಜೇಮ್ಸ್ ರಾಜನಿಗೆ ಐರ್ಲೆಂಡಿನಲ್ಲಿ ಸೈನ್ಯ ಸಾಕಲು ದುಡ್ಡಿರಲಿಲ್ಲ. ಮೂವತ್ತು ಸಿಪಾಯಿಗಳಿಗೆ ದಿನಕ್ಕೆ ಎಂಟು ಪೆನ್ನಿಯಂತೆ ಮೂರು ವರ್ಷದ ಸಂಬಳ ಕೊಟ್ಟವನಿಗೆ ಈ ಪದವಿ ಎಂದು ಸಾರಿದ. ಲೆಕ್ಕ ಹಾಕಿ ನೋಡಿ: ದಿನಕ್ಕೆ 240 ಪೆನ್ನಿ, ಎಂದರೆ ಆಗಿನ ಸರಿಯಾಗಿ ಒಂದು ಪೌಂಡು. ಮೂರು ವರ್ಷಕ್ಕೆ 1,095 ಪೌಂಡು. ಮಾನಕ್ಕೂ ದರಪಟ್ಟಿ ಇಟ್ಟಿದ್ದರು.

ಸರ್ ಜೊಸಾಯಾ 1681ರಲ್ಲಿ ಕಂಪನಿಯ ಗವರ್ನರ್ ಆದ. ಅದಾದ ಮೇಲೆ ಒಂದು ವರ್ಷ ಗವರ್ನರ್, ಇನ್ನೊಂದು ವರ್ಷ ಡೆಪ್ಯುಟಿ ಗವರ್ನರ್, ಹೀಗೆ 1690ರ ತನಕ ಕಂಪನಿ ಅವನ ಮುಷ್ಟಿಯಲ್ಲೇ. ರಾಜನಿಗೆ ಹತ್ತು ಸಾವಿರ ಗಿನಿ, ಎಂದರೆ ಬಂಗಾರದ ನಾಣ್ಯ, ಕಾಣಿಕೆ ಒಪ್ಪಿಸಿದ. ಮುಂದೆ ಅದು ವರ್ಷ ವರ್ಷದ ಪದ್ಧತಿಯಾಯಿತು. ಬದಲಿಗೆ ರಾಜನ ಆಸರೆ. ಇಂಗ್ಲೆಂಡಿನಲ್ಲಿ ಬೇರೆ ಯಾವ ವ್ಯಾಪಾರಿಯೂ ಭಾರತಕ್ಕೆ ಹಡಗು ಕಳಿಸಕೂಡದು ಎಂಬ ಏಕಸ್ವಾಮ್ಯ ಕಂಪನಿಗಿತ್ತು. ಥಾಮಸ್ ಸ್ಯಾಂಡಿಸ್ ಎಂಬೊಬ್ಬ ಅದನ್ನು ಮೀರಿ ಹಡಗು ಹೊರಡಿಸಿದಾಗ ಅವನ ಮೇಲೆ ಖಟ್ಲೆ ಹೂಡಿದರು, 1685ರಲ್ಲಿ ನ್ಯಾಯಾಧೀಶ ಜೆಫ್ರೀಸ್ ಕಂಪನಿಯ ಕಡೆ ತೀರ್ಪು ಕೊಟ್ಟ. ಹಾಲೆಂಡಿನವರ ಬಿಡುಬೀಸಾದ ವ್ಯಾಪಾರವನ್ನು ಹೊಗಳಿ ಬರೆದ ಕೈಯೇ ತನ್ನ ನಾಡಿನ ಇನ್ನೊಬ್ಬ ವ್ಯಾಪಾರಿಗೆ ಬಾಗಿಲು ಹಾಕಿತು. ಬಹುಕಾಲದ ಜೊತೆಗಾರ ಥಾಮಸ್ ಪ್ಯಾಪಿಲನ್, ಕಂಪನಿಯ ಬಾಗಿಲು ಹೆಚ್ಚು ಜನರಿಗೆ ತೆರೆಯೋಣ ಎಂದದ್ದಕ್ಕೆ ದೂರವಾದ.

ಷೇರು ಪೇಟೆಯಲ್ಲಿ ಅವನ ಆಟ ಬೇರೆಯೇ. ರಾಬಿನ್ಸನ್ ಕ್ರೂಸೋ ಬರೆದ ಡೇನಿಯಲ್ ಡೀಫೋ 1719ರಲ್ಲಿ ಷೇರು ದಲ್ಲಾಳಿಗಳ ಬಗ್ಗೆ ಒಂದು ಪುಸ್ತಕ ಬರೆದು, ಈ ವಿದ್ಯೆಗೆ ಮೂಲಪುರುಷ ಚೈಲ್ಡ್ ಎಂದೇ ಹೇಳಿದ್ದಾನೆ. ಭಾರತದಿಂದ ಬಂದಂತೆ ಪತ್ರ ಹುಟ್ಟಿಸುವುದು, ಹಡಗು ಮುಳುಗಿತು ಎಂದೋ ಅಲ್ಲಿ ಯುದ್ಧವಾಯಿತು ಎಂದೋ ಸುದ್ದಿ ಹಬ್ಬಿಸುವುದು, ಬೆಲೆ ಬಿದ್ದಾಗ ಕೊಳ್ಳುವುದು. ಆಮೇಲೆ ಒಳ್ಳೆಯ ಸುದ್ದಿ ಬಿಟ್ಟು, ಏರಿದಾಗ ಮಾರುವುದು. ಭಾರತದಿಂದ ಒಂದು ಪತ್ರ ಲಂಡನ್ನಿಗೆ ಮುಟ್ಟಲು ಆರೇಳು ತಿಂಗಳು ಬೇಕಾಗಿದ್ದ ಕಾಲ. ಸುಳ್ಳಿಗೆ ಓಡಾಡಲು ಎಷ್ಟು ಬಯಲು! ನಮ್ಮಲ್ಲಿ 1992ರಲ್ಲಿ ಷೇರು ಹಗರಣವಾದಾಗ ಇದೆಲ್ಲ ಹೊಸ ಕಾಲದ ಪಾಪ ಎಂದು ಮಾತಾಡಿದವರು ಈ ಪುಸ್ತಕ ಓದಿರಲಿಲ್ಲ.

ಈಗ ಯುದ್ಧದ ಮಾತು. ಬಂಗಾಳದಲ್ಲಿ ಕಂಪನಿಯವರು ವರ್ಷಕ್ಕೆ 3,000 ರೂಪಾಯಿ ಒಟ್ಟು ಕೊಟ್ಟು ಸುಂಕವಿಲ್ಲದೆ ವ್ಯಾಪಾರ ಮಾಡುತ್ತೇವೆ ಎನ್ನುತ್ತಿದ್ದರು. ಮೊಗಲ್ ಅಧಿಕಾರಿಗಳು ಶೇಕಡಾ ಮೂರೂವರೆ ಸುಂಕ ಕೇಳುತ್ತಿದ್ದರು. ಬೇರೆ ದೇಶಕ್ಕೆ ಹೋಗಿ ಅಲ್ಲಿಯ ಸುಂಕ ಕೊಡುವುದಿಲ್ಲ ಎನ್ನುವುದು ನ್ಯಾಯವೇ? ಚೈಲ್ಡ್‌ಗೆ ನ್ಯಾಯ ಬೇರೆಯಾಗಿ ಕಂಡಿತು. 1686ರಲ್ಲಿ, ರಾಜ ಎರಡನೆಯ ಜೇಮ್ಸ್‌ನ ಒಪ್ಪಿಗೆ ಪಡೆದು, ಹತ್ತರ ಆಸುಪಾಸಿನ ಹಡಗು, ಆರುನೂರರಷ್ಟು ಸಿಪಾಯಿಗಳನ್ನು ಬಂಗಾಳಕ್ಕೆ ಹೊರಡಿಸಿದ. ಹೋಗಿ ಚಿತ್ತಗಾಂಗ್ ಗೆದ್ದುಕೊಳ್ಳಿ ಎಂದು ಆಜ್ಞೆ. 1687ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಬಂದ ಪತ್ರದಲ್ಲಿ ಅವನ ಮನಸ್ಸು ಬಿಚ್ಚಿ ಕಾಣುತ್ತದೆ: ಬರೀ ವ್ಯಾಪಾರ ಸಾಲದು, ಸೈನ್ಯವೂ ಕಂದಾಯವೂ ಇರುವ ಗಟ್ಟಿ ಆಳ್ವಿಕೆಯನ್ನು ಭಾರತದಲ್ಲಿ ಶಾಶ್ವತವಾಗಿ ಊರಬೇಕು ಎಂಬುದು ಅದರ ಸಾರ. ಪ್ಲಾಸಿ ಯುದ್ಧಕ್ಕೆ ಎಪ್ಪತ್ತು ವರ್ಷ ಮೊದಲು ಬರೆದದ್ದು ಇದು.

ಆ ವರ್ಷಗಳಲ್ಲಿ ಔರಂಗಜೇಬ ದಿಲ್ಲಿಯಲ್ಲಿರಲಿಲ್ಲ, ನಮ್ಮ ಸೀಮೆಯಲ್ಲೇ ಡೇರೆ ಹೊಡೆದಿದ್ದ. 1686ರ ಸೆಪ್ಟೆಂಬರಿನಲ್ಲಿ ವಿಜಾಪುರ ಬಿತ್ತು. 1687ರ ಸೆಪ್ಟೆಂಬರಿನಲ್ಲಿ ಗೋಲ್ಕೊಂಡ ಬಿತ್ತು. 1688ರಲ್ಲಿ ಆದವಾನಿ ಕೋಟೆ ಮೊಗಲರ ಕೈಸೇರಿತು. ಲಕ್ಷಗಟ್ಟಲೆ ದಂಡು ಕಟ್ಟಿಕೊಂಡು ಎರಡು ಬಾದಶಾಹಿಗಳನ್ನು ನುಂಗಿದವನ ಮೇಲೆ ಆರುನೂರು ಸಿಪಾಯಿ! ನಕಾಶೆ ನೋಡಿ ಯುದ್ಧ ಮಾಡುವವರಿಗೆ ಬಿಸಿಲು ಕಾಣುವುದಿಲ್ಲ, ಮಲೇರಿಯಾ ಕಾಣುವುದಿಲ್ಲ.

ಹೂಗ್ಲಿಯಲ್ಲಿ ಕಾಳಗವಾಯಿತು. ಅಲ್ಲಿಂದ ಕಂಪನಿಯ ಜಾಬ್ ಚಾರ್ನಾಕ್ ಹಿಜ್ಲಿ ಎಂಬ ಜೌಗು ದ್ವೀಪಕ್ಕೆ ಸರಿದ. ಅಲ್ಲಿ ಗುಂಡಿಗಿಂತ ಜ್ವರಕ್ಕೇ ಹೆಚ್ಚು ಜನ ಸತ್ತರು. 1688ರಲ್ಲಿ ವಿಲಿಯಂ ಹೀತ್ ಎಂಬ ಕಪ್ತಾನ ಬಂದು ಬಾಲಾಸೋರ್ ಪೇಟೆಯನ್ನು ಸುಲಿದು, ಚಿತ್ತಗಾಂಗ್ ತನಕ ಹೋಗಿ, ಏನೂ ಮಾಡಲಾಗದೆ ಎಲ್ಲರನ್ನೂ ಹಡಗಿಗೆ ತುಂಬಿಕೊಂಡು ಮದರಾಸಿಗೆ ಹಿಂದಿರುಗಿದ. ಪಡುವಣದಲ್ಲಿ ಮುಂಬಯಿಯ ಗವರ್ನರ್ ಸರ್ ಜಾನ್ ಚೈಲ್ಡ್. ಇವನೂ ಚೈಲ್ಡ್, ಇವನೂ ಬ್ಯಾರೊನೆಟ್. ಹಳೆಯ ಪುಸ್ತಕಗಳಲ್ಲಿ ಇವರಿಬ್ಬರು ಅಣ್ಣತಮ್ಮಂದಿರೆಂದೇ ಬರೆದಿರುತ್ತಾರೆ, ಹಾಗಲ್ಲ ಎಂದು ನಂತರದ ಇತಿಹಾಸಕಾರರು ತೋರಿಸಿದ್ದಾರೆ. ಈ ಜಾನ್ ಚೈಲ್ಡ್ ಮೊಗಲರ ವ್ಯಾಪಾರದ ಹಡಗುಗಳನ್ನು ಹಿಡಿದ. 1689ರಲ್ಲಿ ಜಂಜೀರೆಯ ಸಿದ್ದಿ ಯಾಕೂಬ್ ಬಾದಶಹನ ಪರವಾಗಿ ಮುಂಬಯಿ ದ್ವೀಪದ ಮೇಲೆ ಇಳಿದು, ಇಂಗ್ಲಿಷರನ್ನು ಕೋಟೆಯೊಳಗೆ ಕೂಡಿಹಾಕಿದ. ವರ್ಷಕ್ಕೂ ಮಿಕ್ಕಿ ಮುತ್ತಿಗೆ.

ಕೊನೆಗೆ ಕಂಪನಿಯ ಇಬ್ಬರು ರಾಯಭಾರಿಗಳು, ಜಾರ್ಜ್ ವೆಲ್ಡನ್ ಮತ್ತು ಅಬ್ರಹಾಂ ನವಾರೊ, ಬಾದಶಹನ ಮುಂದೆ ನಿಂತು ಕ್ಷಮೆ ಬೇಡಿದರು. ಸಮುದ್ರದ ವ್ಯಾಪಾರದ ಆದಾಯ, ಹಜ್ ಯಾತ್ರೆಯ ಹಡಗುಗಳ ಸುರಕ್ಷೆ ನೆನೆದು ಔರಂಗಜೇಬ ಕ್ಷಮಿಸಿದ. 1690ರ ಫರ್ಮಾನಿನ ಪ್ರಕಾರ ಒಂದೂವರೆ ಲಕ್ಷ ರೂಪಾಯಿ ದಂಡ, ಹಿಡಿದ ಮಾಲು ವಾಪಸು, ಜಾನ್ ಚೈಲ್ಡ್ ದೇಶ ಬಿಡಬೇಕು. ಅವನು ಅಷ್ಟರಲ್ಲೇ, ಫೆಬ್ರವರಿಯಲ್ಲಿ, ಮುಂಬಯಿಯಲ್ಲಿ ಸತ್ತಿದ್ದ. ಅದೇ ವರ್ಷ ಆಗಸ್ಟಿನಲ್ಲಿ ಚಾರ್ನಾಕ್ ಮರಳಿ ಬಂದು ಸುತಾನುಟಿ ಎಂಬ ಹಳ್ಳಿಯಲ್ಲಿ ಇಳಿದ. ಅದೇ ಮುಂದೆ ಕಲ್ಕತ್ತ. ಸೋತು ಕ್ಷಮೆ ಬೇಡಿದವರ ಕಾಲಿಟ್ಟ ಜಾಗದಲ್ಲಿ ರಾಜಧಾನಿ ಎದ್ದಿತು, ಇದನ್ನು ಬಾದಶಹನಾಗಲಿ ಸರ್ ಜೊಸಾಯಾ ಆಗಲಿ ಊಹಿಸಿರಲಾರರು.

ಅವನ ಇನ್ನೊಂದು ಯೋಜನೆ ಯುದ್ಧಕ್ಕಿಂತ ಚೆನ್ನಾಗಿ ನಿಂತಿತು. ಮದರಾಸಿನ ಜನ ಕಂಪನಿಗೆ ಮನೆಪಟ್ಟಿ ಕೊಡಲು ಒಪ್ಪುತ್ತಿರಲಿಲ್ಲ. ಚೈಲ್ಡ್ ಯೋಚಿಸಿದ: ತೆರಿಗೆ ಹಾಕುವ ಸಭೆಯಲ್ಲಿ ಅವರವರ ಜನರನ್ನೇ ಕೂರಿಸಿದರೆ ತೆರಿಗೆ ಸುಲಭವಾಗಿ ಬರುತ್ತದೆ. 1687ರ ಕೊನೆಗೆ ಸನ್ನದು ಹೊರಟಿತು, 1688ರ ಸೆಪ್ಟೆಂಬರ್ 29ರಂದು ಮೇಯರ್, ಆಲ್ಡರ್‌ಮನ್ ಎಲ್ಲ ಇರುವ ಮದರಾಸು ಕಾರ್ಪೊರೇಶನ್ ಉದ್ಘಾಟನೆಯಾಯಿತು. ಮೊದಲ ಮೇಯರ್ ನೆಥಾನಿಯಲ್ ಹಿಗಿನ್‌ಸನ್. ಭಾರತದ ಅತಿ ಹಳೆಯ ನಗರಸಭೆ ಅದೇ. ನಮ್ಮ ನಗರಸಭೆಗಳಿಗೆ ಮೂಲ, ನೋಡಿ, ಮನೆಪಟ್ಟಿ ವಸೂಲಿಯ ಚಿಂತೆ.

ಲಂಡನ್ನಿನಲ್ಲಿ ಗಾಳಿ ತಿರುಗಿತ್ತು. 1688ರಲ್ಲಿ ಎರಡನೆಯ ಜೇಮ್ಸ್ ಓಡಿಹೋದ. ಚೈಲ್ಡ್ ನಂಬಿದ ರಾಜಕೃಪೆಗೆ ಬೆಲೆ ಉಳಿಯಲಿಲ್ಲ, ಇನ್ನು ಎಲ್ಲವೂ ಪಾರ್ಲಿಮೆಂಟಿನದು. 1694ರ ಜನವರಿಯಲ್ಲಿ ಕಾಮನ್ಸ್ ಸಭೆ, ಪಾರ್ಲಿಮೆಂಟಿನ ಕಾನೂನು ತಡೆಯದ ಹೊರತು ಯಾವ ಇಂಗ್ಲಿಷ್ ಪ್ರಜೆಯಾದರೂ ಭಾರತದೊಡನೆ ವ್ಯಾಪಾರ ಮಾಡಬಹುದು ಎಂದು ಗೊತ್ತುವಳಿ ಮಾಡಿತು. 1695ರಲ್ಲಿ ಕಂಪನಿಯ ಕಿರ್ದಿ ಖಾತೆಗಳನ್ನು ತರಿಸಿ ತಪಾಸಣೆ ಮಾಡಿದರು. ಸನ್ನದು ನವೀಕರಣವಾದ 1693ರ ಒಂದೇ ವರ್ಷದಲ್ಲಿ ಗವರ್ನರ್ ಸರ್ ಥಾಮಸ್ ಕುಕ್‌ನ ಕೈಯಿಂದ 80 ಸಾವಿರ ಪೌಂಡಿಗೂ ಮಿಕ್ಕಿ ‘ವಿಶೇಷ ಸೇವೆ’ಯ ಹೆಸರಿನಲ್ಲಿ ಖರ್ಚು ಬಿದ್ದಿತ್ತು. ಪಾವತಿ ಇಲ್ಲ, ಯಾರಿಗೆ ಕೊಟ್ಟದ್ದೆಂಬ ವಿವರ ಇಲ್ಲ. ಅಂಥ ಖಾತೆಯ ತಲೆಬರಹ ನೋಡಿದೊಡನೆ ಯಾವ ಗುಮಾಸ್ತನಿಗಾದರೂ ಹುಬ್ಬು ಮೇಲೇರುತ್ತದೆ. ಕುಕ್‌ನನ್ನು ಲಂಡನ್ ಟವರಿನ ಸೆರೆಗೆ ಹಾಕಿದರು. ಲೀಡ್ಸ್‌ನ ಡ್ಯೂಕ್ ಎಂಬ ದೊಡ್ಡ ಮಂತ್ರಿಯ ಮೇಲೆ ಲಂಚದ ಆಪಾದನೆ ಬಂತು. ಮುಖ್ಯ ಸಾಕ್ಷಿಯಾದ ಅವನ ಸೇವಕ ಸಮುದ್ರ ದಾಟಿ ಕಣ್ಮರೆಯಾದ, ಪ್ರಕರಣ ಅಲ್ಲಿಗೇ ನಿಂತಿತು. ಚೈಲ್ಡ್‌ನನ್ನೂ ಕರೆದು ಕೇಳಿದರು, ಅವನ ಮೇಲೆ ಏನೂ ಹತ್ತಲಿಲ್ಲ. ಆಗ ಅವನು ಗವರ್ನರನೂ ಅಲ್ಲ, ಡೆಪ್ಯುಟಿಯೂ ಅಲ್ಲವಲ್ಲ!

1698ರಲ್ಲಿ ಕೊನೆಯ ಪೆಟ್ಟು. ಯುದ್ಧದ ಸಾಲದಲ್ಲಿದ್ದ ಸರಕಾರಕ್ಕೆ 20 ಲಕ್ಷ ಪೌಂಡು ಸಾಲ ಕೊಟ್ಟವರಿಗೆ ಹೊಸ ಕಂಪನಿ ಕಟ್ಟುವ ಹಕ್ಕು ಎಂದು ಕಾನೂನಾಯಿತು. ಬಡ್ಡಿ ಶೇಕಡಾ 8. ಆಯುಷ್ಯವೆಲ್ಲ 4 ಎಂದು ಕೂಗಿದವನ ಕಣ್ಣೆದುರಿಗೆ ಅದರ ಎರಡರಷ್ಟು ಬಡ್ಡಿಗೆ ಅವನ ಏಕಸ್ವಾಮ್ಯ ಮಾರಾಟವಾಯಿತು. ಹಳೆಯ ಕಂಪನಿ ಸುಮ್ಮನೆ ಕೂಡಲಿಲ್ಲ. ಹೊಸ ಸಾಲದಲ್ಲಿ ತಾನೇ 3 ಲಕ್ಷ 15 ಸಾವಿರ ಪೌಂಡು ಹಾಕಿ, ಎದುರಾಳಿಯ ಮನೆಯಲ್ಲೇ ಪಾಲುದಾರನಾಗಿ ಕೂತಿತು. 1709ರ ಹೊತ್ತಿಗೆ ಎರಡೂ ಕೂಡಿ ಒಂದಾದವು. ನಮ್ಮನ್ನು ಆಳಿದ್ದು ಆ ಕೂಡಿದ ಕಂಪನಿ.

ಇದನ್ನು ನೋಡಲು ಚೈಲ್ಡ್ ಇರಲಿಲ್ಲ. 1699ರ ಜೂನ್ 22ರಂದು ತೀರಿಕೊಂಡ. ವಾನ್‌ಸ್ಟೆಡ್‌ನ ಚರ್ಚಿನಲ್ಲಿ ಅವನ ಸಮಾಧಿಯ ಮೇಲೆ ಅಮೃತಶಿಲೆಯ ದೊಡ್ಡ ಮೂರ್ತಿ ಇದೆ.

ಅವನ ಮನೆಯ ಕಥೆ ಹೇಳಿ ಮುಗಿಸುತ್ತೇನೆ. ಜಾನ್ ಈವ್ಲಿನ್ ಎಂಬೊಬ್ಬ ದಿನಚರಿಕಾರ 1683ರಲ್ಲಿ ಆ ಎಸ್ಟೇಟು ನೋಡಿ, ಬರಡು ನೆಲದಲ್ಲಿ ಆಕ್ರೋಟದ ಗಿಡ ಹಚ್ಚಲಿಕ್ಕೆ, ಮೀನಿನ ಕೆರೆ ತೋಡಿಸಲಿಕ್ಕೆ ಈ ಹೊಸ ಶ್ರೀಮಂತ ಸುರಿದ ಹಣ ಕಂಡು ಮೂಗು ಮುರಿದು ಬರೆದಿದ್ದಾನೆ. ಚೈಲ್ಡ್‌ನ ಮಗ ರಿಚರ್ಡ್ ಅರ್ಲ್ ಪದವಿ ಪಡೆದು, ಅಲ್ಲಿ ಅರಮನೆಯಂಥ ಹೊಸ ಮನೆ ಕಟ್ಟಿಸಿದ. ನೂರು ವರ್ಷ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಅದೂ ಒಂದಾಗಿತ್ತು. ಆಸ್ತಿಯೆಲ್ಲ ಕೊನೆಗೆ ಕ್ಯಾಥರೀನ್ ಎಂಬ ಹುಡುಗಿಗೆ ಬಂತು. 1812ರಲ್ಲಿ ಅವಳನ್ನು ಮದುವೆಯಾದ ವೆಲ್ಲೆಸ್ಲಿ ಮನೆತನದ ಗಂಡ ಸಾಲದ ಮೇಲೆ ಸಾಲ ಮಾಡಿದ. 1822ರಲ್ಲಿ ಮನೆಯ ಸಾಮಾನು ಹರಾಜಾಯಿತು. ಆಮೇಲೆ ಮನೆಯನ್ನೇ ಕಲ್ಲು ಮರದ ಬೆಲೆಗೆ, 10,000 ಪೌಂಡಿಗೆ, ಮಾರಿದರು. ಕೊಂಡವರು ಒಡೆದು ಒಯ್ದರು. ಈಗ ಅದು ಸಾರ್ವಜನಿಕರ ಉದ್ಯಾನ. ಮನೆ ಇದ್ದ ಕಡೆ ಒಂದು ತಗ್ಗು ಉಳಿದಿದೆ, ಆ ಮೈದಾನದಲ್ಲಿ ಜನ ಗಾಲ್ಫ್ ಆಡುತ್ತಾರೆ. ಕೆರೆಗಳಿಗೆ ಹಕ್ಕಿಗಳು ಬರುತ್ತವೆ.